ನಡುವಯಸ್ಸಿನ ವಿದ್ಯಾರ್ಥಿ

‘ವಿದ್ಯಾರ್ಥಿ’ ಎಂಬ ಮಾತನ್ನು ಕೇಳಿದ ಕೂಡಲೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹದಿನೆಂಟು ಇಪ್ಪತ್ತು ವರ್ಷದ ಹುಡುಗನ ಅಥವಾ ಹುಡುಗಿಯ ಚಿತ್ರ. ಹೆಗಲಿಗೊಂದು ಚೀಲ, ಜೇಬಿನಲ್ಲಿ ಬಸ್ ಪಾಸು, ಪರೀಕ್ಷೆ ಮುಗಿದರೆ ಸಾಕೆಂಬ ಮುಖಭಾವ. ನಲವತ್ತು ದಾಟಿದ, ತಲೆಗೂದಲು ನೆರೆಯತೊಡಗಿರುವ, ತಿಂಗಳು ತಿಂಗಳು ಸಂಬಳ ತರುವ ಗೃಹಸ್ಥರೊಬ್ಬರನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಆದರೆ ಇಂದು ನಮ್ಮ ನಾಡಿನಲ್ಲಿ ಅಂತಹ ವಿದ್ಯಾರ್ಥಿಗಳೂ ಇದ್ದಾರೆ. ಹಗಲೆಲ್ಲ ಬ್ಯಾಂಕಿನಲ್ಲೋ ವಿಮಾ ಕಚೇರಿಯಲ್ಲೋ ಹಣಕಾಸಿನ ವ್ಯವಹಾರ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿನ ಮುಂದೆ ಎಂ.ಬಿ.ಎ. ಪಾಠ. ಇವರು ಓದುವುದು ಏನನ್ನು, ಹೇಗೆ, ಏತಕ್ಕೆ ಎಂಬುದನ್ನು ನಾನು ಕಂಡು ಕೇಳಿದ ಮಟ್ಟಿಗೆ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ ನನ್ನ ಐಚ್ಛಿಕ ವಿಷಯಗಳು. ಈ ವಿಚಾರದಲ್ಲಿ ನನಗೆ ಕುತೂಹಲ ಹುಟ್ಟಲು ಕಾರಣ, ಅರಸೀಕೆರೆಯಲ್ಲಿ ನಮ್ಮ ಮನೆಯ ಮಗ್ಗುಲಲ್ಲೇ ವಾಸವಾಗಿರುವ ಬ್ಯಾಂಕ್ ಅಧಿಕಾರಿಗಳೊಬ್ಬರು. ತಮ್ಮ ಹೆಸರಾಗಲಿ ತಮ್ಮ ಬ್ಯಾಂಕಿನ ಹೆಸರಾಗಲಿ ಅಚ್ಚಿನಲ್ಲಿ ಬರುವುದು ಅವರಿಗೆ ಇಷ್ಟವಿಲ್ಲ. ಆದುದರಿಂದ ‘ಅಧಿಕಾರಿಗಳು’ ಎಂದಷ್ಟೇ ಬರೆಯುತ್ತೇನೆ. ಅವರಿಗೆ ಈಗ 42 ವರ್ಷ. ಬಿ.ಕಾಂ. ಮುಗಿಸಿ ಗುಮಾಸ್ತರಾಗಿ ಸೇರಿ, ಬಡ್ತಿ ಪಡೆದು, ಈಗ ಸಾಲದ ವಿಭಾಗವನ್ನು ನೋಡಿಕೊಳ್ಳುತ್ತಿದ್ದಾರೆ. ಕಳೆದ ವರ್ಷ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಎಂ.ಬಿ.ಎ. ತರಗತಿಗೆ ಸೇರಿದರು. ನಮ್ಮ ಮನೆತನದಲ್ಲಾದರೋ ಪದವಿಯ ಬಾಗಿಲವರೆಗೆ ಬಂದವನು ನಾನೇ ಮೊದಲಿಗ. ನಮ್ಮ ತಂದೆಯವರು ಕಾಯಿ ಸುಲಿಯುವ ಕೆಲಸ ಮಾಡುತ್ತಾರೆ. ಬಿ.ಎ. ಎಂಬುದು ಹತ್ತಿ ನಿಂತು ಉಸಿರು ಬಿಡಬೇಕಾದ ಕೊನೆಯ ಮೆಟ್ಟಿಲು, ಅದಾದ ಮೇಲೆ ಓದುವುದು ಇನ್ನೇನಿದೆ ಎಂಬುದು ನಮ್ಮ ಮನೆಯವರ ಭಾವನೆ. ಇಂತಿರಲು, ಪದವಿಯೂ ಇದ್ದು ಕೆಲಸವೂ ಇದ್ದು ಮತ್ತೆ ಪುಸ್ತಕ ಹಿಡಿದ ಮನುಷ್ಯನನ್ನು ಕಂಡು ನಮಗೆ ಆಶ್ಚರ್ಯವಾದುದು ಸಹಜವೇ.

ಆದರೆ ದುಡಿಯುತ್ತಲೇ ಓದುವುದು ಹೊಸ ಸಂಗತಿಯೇನಲ್ಲ. ಎಲ್ಲಿಯಾದರೂ ಕುಳಿತು ಓದಿ ಪರೀಕ್ಷೆ ಕೊಡಬಹುದೆಂದು ಲಂಡನ್ ವಿಶ್ವವಿದ್ಯಾಲಯವು 1858ರಲ್ಲಿಯೇ ಬಾಗಿಲು ತೆರೆಯಿತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾಲಯವು 1962ರಲ್ಲಿ ಅಂಚೆಯ ಮೂಲಕ ಪಾಠ ಕಳುಹಿಸುವ ಏರ್ಪಾಟನ್ನು ಪ್ರಾರಂಭಿಸಿತು. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ 1969ರಲ್ಲಿ ಮೊದಲಾಯಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಇಡೀ ದೇಶಕ್ಕೆಂದು ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1985ರಲ್ಲಿ ಹುಟ್ಟಿತು. ಬ್ಯಾಂಕಿನವರ ವಿಷಯದಲ್ಲಂತೂ ಈ ಪದ್ಧತಿ ಇನ್ನೂ ಹಳೆಯದು. ಬ್ಯಾಂಕ್ ನೌಕರರಿಗಾಗಿಯೇ ಪರೀಕ್ಷೆ ನಡೆಸುವ ಸಂಸ್ಥೆಯೊಂದು 1928ರಲ್ಲಿ ಸ್ಥಾಪನೆಯಾಗಿ, ಇಂದಿಗೂ ಜೆ.ಎ.ಐ.ಐ.ಬಿ., ಸಿ.ಎ.ಐ.ಐ.ಬಿ. ಎಂಬ ಪರೀಕ್ಷೆಗಳನ್ನು ನಡೆಸುತ್ತಿದೆ. ಇವುಗಳಲ್ಲಿ ತೇರ್ಗಡೆಯಾದರೆ ಸಂಬಳದಲ್ಲಿ ಇನ್‌ಕ್ರಿಮೆಂಟು ಸಿಗುತ್ತದೆ. ನಮ್ಮ ಅಧಿಕಾರಿಗಳು ಇವೆರಡನ್ನೂ ಎಂದೋ ಮುಗಿಸಿದ್ದಾರೆ.

ಹಾಗಾದರೆ ಎಂ.ಬಿ.ಎ. ಏಕೆ? ಬ್ಯಾಂಕಿನ ಪರೀಕ್ಷೆಗಳು ಬ್ಯಾಂಕಿನ ಕೆಲಸವನ್ನು ಕಲಿಸುತ್ತವೆ. ಸಾಲ ಕೊಡುವುದು ಹೇಗೆ, ಕಾಯಿದೆ ಏನು ಹೇಳುತ್ತದೆ, ಬಡ್ಡಿಯ ಲೆಕ್ಕ ಹೇಗೆ ಎಂಬುದೆಲ್ಲ ಅಲ್ಲಿ ಉಂಟು. ಸಾಲ ತೆಗೆದುಕೊಂಡು ಹೋದವನು ಆ ಹಣದಿಂದ ಏನು ಮಾಡುತ್ತಾನೆ, ಸರಕನ್ನು ಹೇಗೆ ತಯಾರಿಸುತ್ತಾನೆ, ಯಾರಿಗೆ ಮಾರುತ್ತಾನೆ, ಆಳುಗಳನ್ನು ಹೇಗೆ ಇಟ್ಟುಕೊಳ್ಳುತ್ತಾನೆ ಎಂಬುದು ಮೇಜಿನ ಆ ಬದಿಯ ಸಂಗತಿ. ವ್ಯವಹಾರ ನಿರ್ವಹಣೆಯ ಶಾಸ್ತ್ರವೆಂದರೆ ಇದೇ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1908ರಲ್ಲಿ ಎಂ.ಬಿ.ಎ. ಎಂಬ ಹೆಸರಿನ ಪದವಿಯನ್ನು ಮೊದಲು ಮಾಡಿತು. ನಮ್ಮಲ್ಲಿ ಕಲ್ಕತ್ತ ಮತ್ತು ಅಹಮದಾಬಾದುಗಳ ನಿರ್ವಹಣಾ ಸಂಸ್ಥೆಗಳು 1961ರಲ್ಲಿಯೂ ಬೆಂಗಳೂರಿನದು 1973ರಲ್ಲಿಯೂ ಸ್ಥಾಪನೆಯಾದವು. ಅಲ್ಲಿ ಪೂರ್ಣಕಾಲದ ತರಗತಿಗೆ ಸೇರಬೇಕಾದರೆ ಕಠಿಣವಾದ ಪ್ರವೇಶ ಪರೀಕ್ಷೆಯಾಗಬೇಕು, ಎರಡು ವರ್ಷ ಕೆಲಸ ಬಿಡಬೇಕು. ಹೆಂಡತಿ ಮಕ್ಕಳು, ಮನೆಯ ಸಾಲದ ಕಂತು ಇರುವವರಿಗೆ ಅದು ಸಾಧ್ಯವೇ? ಮೇಲಾಗಿ ಅವರಿಗೆ ಬಿ.ಕಾಂ. ಮುಗಿದಾಗಲೂ ಅದು ಸಾಧ್ಯವಿರಲಿಲ್ಲ. ತಂದೆಯವರು ತೀರಿಕೊಂಡಿದ್ದರಂತೆ, ಇಬ್ಬರು ತಂಗಿಯರ ಮದುವೆಯಾಗಬೇಕಾಗಿತ್ತಂತೆ. ನಡುವಯಸ್ಸಿನಲ್ಲಿ ಓದುವವರಲ್ಲಿ ಬಹುಮಂದಿ ಹೊತ್ತಿನಲ್ಲಿ ಓದಲಾಗದೆ ಉಳಿದವರೇ ಇರಬೇಕೆಂದು ನನ್ನ ಊಹೆ.

ಇನ್ನೊಂದು ಕಾರಣವೂ ಉಂಟು. ಬ್ಯಾಂಕಿನ ಉದ್ಯೋಗವೇ ಬದಲಾಗಿದೆ. ಒಂದು ಕಾಲಕ್ಕೆ ದಪ್ಪ ದಪ್ಪ ಲೆಡ್ಜರುಗಳಲ್ಲಿ ತಪ್ಪಿಲ್ಲದೆ ಬರೆಯಬಲ್ಲವನೇ ಸಮರ್ಥ ನೌಕರ. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಬ್ಯಾಂಕುಗಳೂ ಒಂದರಲ್ಲೊಂದು ಸೇರಿಹೋದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ನಮ್ಮ ಕರಾವಳಿಯಲ್ಲಿ ಹುಟ್ಟಿ ರಾಷ್ಟ್ರೀಕರಣಗೊಂಡ ನಾಲ್ಕು ಬ್ಯಾಂಕುಗಳ ಪೈಕಿ ಇಂದು ಸ್ವಂತ ಹೆಸರು ಉಳಿಸಿಕೊಂಡಿರುವುದು ಕೆನರಾ ಒಂದೇ. ಬ್ಯಾಂಕುಗಳು ಸೇರಿದ ಮೇಲೆ ಕುರ್ಚಿಗಳಿಗೆ ಸ್ಪರ್ಧೆ ಹೆಚ್ಚಿದುದು ಸ್ವಾಭಾವಿಕ. ಎಂ.ಬಿ.ಎ. ಪದವಿ ಬಂದ ಮಾತ್ರಕ್ಕೆ ಬಡ್ತಿ ಬರುತ್ತದೆಂದು ಅವರು ಎಣಿಸಿಲ್ಲ. ಸೇವಾವಧಿ, ಪರೀಕ್ಷೆ, ಸಂದರ್ಶನ ಇವೆಲ್ಲ ಬೇರೆಯೇ ಇವೆ.

ಇನ್ನು ಪಾಠಕ್ರಮ ಹೇಗಿರುತ್ತದೆಂಬುದನ್ನು ನೋಡೋಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2020ರಲ್ಲಿ ಮಾಡಿದ ನಿಯಮಗಳ ಪ್ರಕಾರ ಆನ್‌ಲೈನ್ ಪಾಠಕ್ಕೆ ನಾಲ್ಕು ಅಂಗಗಳಿರಬೇಕು: ಅಧ್ಯಾಪಕರ ಉಪನ್ಯಾಸದ ವಿಡಿಯೋ, ಓದಲು ಲಿಖಿತ ಪಾಠ, ಪ್ರಶ್ನೆ ಕೇಳಿ ಚರ್ಚಿಸಲು ಒಂದು ವೇದಿಕೆ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಅಭ್ಯಾಸ ಪ್ರಶ್ನೆಗಳು. ಅಂಕಗಳಲ್ಲಿ ನೂರಕ್ಕೆ 30ರವರೆಗೆ ವರ್ಷದ ನಡುವಿನ ಅಭ್ಯಾಸಗಳಿಗೆ. 70ಕ್ಕೆ ಕಡಿಮೆಯಿಲ್ಲದಂತೆ ಸೆಮಿಸ್ಟರಿನ ಕೊನೆಯ ಪರೀಕ್ಷೆಗೆ. ಮನೆಯಲ್ಲಿ ಕುಳಿತು ಓದುವವರಿಗೆ ಪರೀಕ್ಷೆಯೂ ಸಲೀಸೆಂದು ನಮ್ಮ ಗೆಳೆಯರು ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಪರೀಕ್ಷೆ ಕಾವಲಿನಲ್ಲಿಯೇ ನಡೆಯುತ್ತದೆ. ಮನೆಯಿಂದಲೇ ಬರೆಯುವ ಅನುಮತಿ ಇದ್ದರೂ ಕ್ಯಾಮೆರಾದ ಕಣ್ಣು ನಮ್ಮ ಕಾಲೇಜಿನ ಕೊಠಡಿ ಮೇಲ್ವಿಚಾರಕರ ಕಣ್ಣಿಗಿಂತ ಮೃದುವಾದುದೇನಲ್ಲವಂತೆ.

ಎಲ್ಲಕ್ಕಿಂತ ಕಷ್ಟವಾದುದು ವೇಳೆಯ ಪ್ರಶ್ನೆ. ಇದನ್ನು ನಾನೂ ಅವರೂ ಒಂದು ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆವು. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯದ ಲೆಕ್ಕದಂತೆ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 30 ಗಂಟೆಗಳ ಅಭ್ಯಾಸ. ನಾಲ್ಕು ಕ್ರೆಡಿಟ್‌ಗಳ ಒಂದು ವಿಷಯಕ್ಕೆ 120 ಗಂಟೆ. ಸೆಮಿಸ್ಟರಿಗೆ ಐದು ವಿಷಯಗಳೆಂದರೆ 600 ಗಂಟೆ ಬೇಕು. ಸೆಮಿಸ್ಟರಿಗೆ ಇರುವುದು 26 ವಾರ. ಬ್ಯಾಂಕಿನಿಂದ ಬಂದು, ಊಟ ಮುಗಿಸಿ, ಮಗಳ ಶಾಲೆಯ ಪಾಠ ನೋಡಿ ಕುಳಿತರೆ ರಾತ್ರಿ ಒಂದೂವರೆ ಗಂಟೆ ಸಿಗುತ್ತದೆ. 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಆರು ತಿಂಗಳಿಗೆ ಅಂತಹವು 12. ಭಾನುವಾರಗಳು 26. ಈ 38 ರಜಾ ದಿನಗಳಲ್ಲಿ ದಿನಕ್ಕೆ ಎಂಟು ಗಂಟೆ ಓದಿದರೆ 304 ಗಂಟೆ. ಉಳಿದ 144 ಕೆಲಸದ ದಿನಗಳಿಂದ ಒಂದೂವರೆ ಗಂಟೆಯಂತೆ 216. ಒಟ್ಟು 520. ನೆಂಟರ ಮದುವೆಯಿಲ್ಲ, ಹಬ್ಬವಿಲ್ಲ, ಜ್ವರವಿಲ್ಲ, ಒಂದು ಭಾನುವಾರವೂ ಮಗಳನ್ನು ಕರೆದುಕೊಂಡು ಎಲ್ಲಿಗೂ ಹೋಗುವುದಿಲ್ಲ ಎಂದು ಹಿಡಿದರೂ 80 ಗಂಟೆ ಸಾಲದು!

ಕಾಗದವನ್ನು ನೋಡಿ ಅವರು ನಕ್ಕರು. ಅವರ ಶ್ರೀಮತಿಯವರು ನಗಲಿಲ್ಲ. “ಆ ಎಂಬತ್ತು ಗಂಟೆ ಎಲ್ಲಿಂದ ಬರುತ್ತೆ ಅಂತ ನನ್ನ ಕೇಳಪ್ಪ. ರೇಷನ್ನು, ಕರೆಂಟ್ ಬಿಲ್ಲು, ಅತ್ತೆಯವರನ್ನ ಹಾಸನಕ್ಕೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗೋದು, ಎಲ್ಲ ಈಗ ನಂದೇ” ಎಂದರು. ಆನ್‌ಲೈನ್ ಶಿಕ್ಷಣದ ಜಾಹೀರಾತುಗಳಲ್ಲಿ ‘ನಿಮ್ಮ ಬಿಡುವಿನ ವೇಳೆಯಲ್ಲಿ’ ಎಂದು ಬರೆದಿರುತ್ತದೆ. ಆ ಬಿಡುವು ಮನೆಯ ಇನ್ನೊಬ್ಬರ ಕೈಯಿಂದ ಬರುವುದೆಂಬ ಮಾತು ಅಲ್ಲಿ ಇರುವುದಿಲ್ಲ. ವಿಶ್ವವಿದ್ಯಾಲಯದವರು ಅಂಕಪಟ್ಟಿಯಲ್ಲಿ ಆ ಇನ್ನೊಬ್ಬರ ಹೆಸರನ್ನೂ ಬರೆಯಬೇಕೆಂದು ನನಗೆ ತೋರಿತು.

ಇಷ್ಟೆಲ್ಲ ಕಷ್ಟಪಟ್ಟು ಓದಿದುದರಿಂದ ಬಂದ ಫಲವೇನು? ಇದಕ್ಕೆ ಅವರು ಕೊಟ್ಟ ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಅದು ನಮ್ಮ ಸೀಮೆಯ ಕೊಬ್ಬರಿಗೆ ಸಂಬಂಧಪಟ್ಟದ್ದು.

ಸಣ್ಣ ಉದ್ಯಮಿಯೊಬ್ಬನಿಗೆ ದುಡಿಯುವ ಬಂಡವಾಳಕ್ಕಾಗಿ ಎಷ್ಟು ಸಾಲ ಕೊಡಬೇಕೆಂಬುದಕ್ಕೆ ಬ್ಯಾಂಕುಗಳಲ್ಲಿ ಒಂದು ಸುಲಭ ಸೂತ್ರವಿದೆ. 1990ರ ದಶಕದ ಆರಂಭದ ನಾಯಕ್ ಸಮಿತಿಯ ಶಿಫಾರಸಿನಿಂದ ಬಂದದ್ದು ಇದು. ಆ ವರ್ಷ ಆಗಬಹುದಾದ ಒಟ್ಟು ಮಾರಾಟದಲ್ಲಿ ನೂರಕ್ಕೆ 25 ಭಾಗ ದುಡಿಯುವ ಬಂಡವಾಳ ಬೇಕಾಗುತ್ತದೆಂದು ಹಿಡಿಯುವುದು. ಅದರಲ್ಲಿ 20 ಭಾಗವನ್ನು ಬ್ಯಾಂಕು ಕೊಡುವುದು, 5 ಭಾಗವನ್ನು ಉದ್ಯಮಿ ಸ್ವಂತ ಕೈಯಿಂದ ಹಾಕುವುದು. ವರ್ಷಕ್ಕೆ ಒಂದು ಕೋಟಿ ರೂಪಾಯಿ ಮಾರಾಟವಾದರೆ ಬೇಕಾದ ಬಂಡವಾಳ 25 ಲಕ್ಷ. ಬ್ಯಾಂಕಿನದು 20 ಲಕ್ಷ, ಅವನದು 5 ಲಕ್ಷ. ಈ ಸೂತ್ರವನ್ನು ಅವರು ಎಷ್ಟೋ ವರ್ಷಗಳಿಂದ ಬಳಸುತ್ತ ಬಂದಿದ್ದರು. ಆದರೆ 25 ಭಾಗ ಏಕೆ, 40 ಏಕಲ್ಲ, 10 ಏಕಲ್ಲ ಎಂದು ಕೇಳಿಕೊಂಡಿರಲಿಲ್ಲವಂತೆ. ಎರಡನೆಯ ಸೆಮಿಸ್ಟರಿನಲ್ಲಿ ‘ಕಾರ್ಯಾಚರಣೆಯ ಆವರ್ತ’ ಎಂಬ ಪಾಠ ಬಂತು. ಹಣ ಕೈಬಿಟ್ಟು ಕಚ್ಚಾ ಮಾಲಾಗಿ, ಸರಕಾಗಿ, ಮಾರಾಟವಾಗಿ, ತಿರುಗಿ ಹಣವಾಗಿ ಕೈಗೆ ಬರಲು ಹಿಡಿಯುವ ಕಾಲವೇ ಆವರ್ತ. ಅದು ಮೂರು ತಿಂಗಳಾದರೆ ಅದೇ ಹಣ ವರ್ಷಕ್ಕೆ ನಾಲ್ಕು ಸುತ್ತು ತಿರುಗುತ್ತದೆ. 25 ಲಕ್ಷ ನಾಲ್ಕು ಸುತ್ತು ಬಂದರೆ ಒಂದು ಕೋಟಿ. ಸೂತ್ರದ ಗುಟ್ಟು ಇಷ್ಟೇ: ಎಲ್ಲರ ಹಣವೂ ಮೂರು ತಿಂಗಳಿಗೊಮ್ಮೆ ತಿರುಗಿ ಬರುತ್ತದೆಂದು ಅದು ನಂಬಿಕೊಂಡಿದೆ.

ಈಗ ಉಂಡೆ ಕೊಬ್ಬರಿಯನ್ನು ನೋಡಿ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಅಲ್ಲಾಡಿಸಿದರೆ ಸದ್ದಾಗುವವರೆಗೆ ಕಾಯಬೇಕು. ಅದಕ್ಕೆ ಹತ್ತು ಹನ್ನೊಂದು ತಿಂಗಳೇ ಹಿಡಿಯುವುದುಂಟು. ತೋಟಗಳಿಂದ ಕಾಯಿ ಕೊಂಡು ಅಟ್ಟ ತುಂಬಿಸಿ ಕೊಬ್ಬರಿ ಮಾಡಿ ಮಾರುವವನ ಹಣ ವರ್ಷಕ್ಕೆ ಒಂದೇ ಸುತ್ತು ತಿರುಗುತ್ತದೆ. ಮಂಡಿಯಲ್ಲಿ ಇಂದು ಕೊಬ್ಬರಿ ಹಿಡಿದು ವಾರದೊಳಗೆ ಉತ್ತರ ದೇಶಕ್ಕೆ ಲಾರಿ ತುಂಬಿಸಿ ಕಳುಹಿಸುವ ವ್ಯಾಪಾರಿಯ ಹಣವೋ ವರ್ಷದಲ್ಲಿ ಹಲವು ಸಲ ತಿರುಗುತ್ತದೆ. ಇಬ್ಬರಿಗೂ ಒಂದೇ ಸೂತ್ರ ಹಿಡಿದರೆ ಮೊದಲನೆಯವನಿಗೆ ಸಾಲ ಸಾಲದೆ ಕೈಸಾಲಕ್ಕೆ ಓಡುತ್ತಾನೆ; ಎರಡನೆಯವನ ಕೈಯಲ್ಲಿ ಹಣ ಮಿಕ್ಕು ಬೇರೆ ದಾರಿ ಹಿಡಿಯುತ್ತದೆ. 20 ಭಾಗವೆಂಬುದು ಕನಿಷ್ಠ ಮಿತಿ, ಆವರ್ತ ದೀರ್ಘವಾಗಿದ್ದರೆ ಅಗತ್ಯ ನೋಡಿ ಹೆಚ್ಚು ಕೊಡಬಹುದು ಎಂದು ನಿಯಮದಲ್ಲೇ ಇದೆ. ಆ ವಾಕ್ಯವನ್ನು ಅವರು ಸುತ್ತೋಲೆಯಲ್ಲಿ ಹಿಂದೆಯೇ ಓದಿದ್ದರು. ಪಾಠ ಓದಿದ ಮೇಲೆ ಅದರ ಅರ್ಥವಾಯಿತು ಎನ್ನುತ್ತಾರೆ. ಈಗ ಸಾಲ ಕೇಳಲು ಬಂದವರೊಡನೆ ಅವರ ಮೊದಲ ಪ್ರಶ್ನೆ, “ಹಾಕಿದ ದುಡ್ಡು ಎಷ್ಟು ದಿನಕ್ಕೆ ವಾಪಸ್ ಬರುತ್ತೆ?” ಎಂದು.

ಈ ಮಾತನ್ನು ಅವರು ಜಗಲಿಯ ಮೇಲೆ ಕುಳಿತು ನನಗೆ ವಿವರಿಸುತ್ತಿದ್ದಾಗ ನಮ್ಮ ತಂದೆಯವರೂ ಅಲ್ಲಿಯೇ ಇದ್ದರು. ಎಲ್ಲವನ್ನೂ ಕೇಳಿಸಿಕೊಂಡು, “ಅಲ್ಲ ಸ್ವಾಮಿ, ಕಾಯಿ ಅಟ್ಟದಾಗೆ ವರ್ಸ ಕೂತಿರ್ತದೆ ಅನ್ನೋದ್ನ ನನ್ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ! ಅದ್ಕೆ ಅಷ್ಟೊಂದು ಫೀಜು ಕಟ್ಬೇಕಿತ್ತಾ?” ಎಂದರು. ಅಧಿಕಾರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಜ ಯಜಮಾನ್ರೇ. ಆದ್ರೆ ನಿಮ್ಮನ್ನ ಕೇಳಬೇಕು ಅನ್ನೋದು ನನಗೆ ಹೊಳೆದಿರಲಿಲ್ಲವಲ್ಲ” ಎಂದರು.

ಈ ಉತ್ತರದಲ್ಲಿ ನಡುವಯಸ್ಸಿನ ಓದಿನ ಸ್ವರೂಪವೆಲ್ಲ ಇದೆಯೆಂದು ನನಗನಿಸುತ್ತದೆ. ಅವರ ತರಗತಿಯಲ್ಲಿ ಆಗ ತಾನೆ ಪದವಿ ಮುಗಿಸಿ ಬಂದ ಹುಡುಗರೂ ಇದ್ದಾರಂತೆ. ಅದೇ ವಿಡಿಯೋ, ಅದೇ ಪಾಠ. ಆ ಹುಡುಗರಿಗೆ ‘ಆವರ್ತ’ವೆಂಬುದು ಪರೀಕ್ಷೆಗೆ ಬಾಯಿಪಾಠ ಮಾಡಬೇಕಾದ ಐದು ಅಂಕದ ಪ್ರಶ್ನೆ. ಇವರಿಗಾದರೋ ಪಾಠ ಮುಗಿದ ಮರುದಿನವೇ ಮೇಜಿನ ಎದುರು ಬಂದು ಕೂರುವ ಒಬ್ಬ ಮನುಷ್ಯ. ಆನ್‌ಲೈನ್ ಶಿಕ್ಷಣದಲ್ಲಿ ಎದುರಿಗೆ ಗುರುಗಳಿಲ್ಲ, ಪಕ್ಕದಲ್ಲಿ ಗೆಳೆಯರಿಲ್ಲ, ಪ್ರಯೋಗಶಾಲೆಯಿಲ್ಲ. ಆ ಕೊರತೆಯನ್ನು ಉದ್ಯೋಗದಲ್ಲಿರುವವನು ತನ್ನ ಉದ್ಯೋಗದಿಂದಲೇ ತುಂಬಿಕೊಳ್ಳಬಲ್ಲ. ಇನ್ನೂ ಏನೂ ಮಾಡದ ನಮ್ಮಂಥವರು ಎಲ್ಲಿಂದ ತುಂಬಿಕೊಳ್ಳಬೇಕು? ಆದುದರಿಂದ ಕಾಲೇಜಿಗೆ ಬದಲು ಇದನ್ನೇ ಮಾಡಿದರಾಯಿತೆಂದು ಯೋಚಿಸುತ್ತಿರುವ ಕಿರಿಯ ಗೆಳೆಯರು ಅವಸರ ಮಾಡಬಾರದೆಂಬುದು ನನ್ನ ಅಭಿಪ್ರಾಯ.

ಎಲ್ಲ ವಿಷಯಗಳೂ ಕೊಬ್ಬರಿಯ ಪಾಠದಷ್ಟು ಫಲ ಕೊಟ್ಟವೆಂದು ಹೇಳಲಾಗದು. ಹಣಕಾಸಿನ ವಿಷಯದಲ್ಲಿ ಅರ್ಧದಷ್ಟು ಅವರಿಗೆ ಮೊದಲೇ ಗೊತ್ತಿತ್ತು. ಸಿಬ್ಬಂದಿ ನಿರ್ವಹಣೆಯ ಪುಸ್ತಕದಲ್ಲಿ ದೊಡ್ಡ ದೊಡ್ಡ ವಿದೇಶೀ ಕಂಪನಿಗಳ ಕಥೆಗಳಿವೆಯೇ ಹೊರತು ಎಂಟು ಜನರಿರುವ ತಾಲ್ಲೂಕು ಶಾಖೆಯ ಮಾತಿಲ್ಲ ಎಂದು ಅವರ ದೂರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಅವರಿಗೆ ಮೊದಲ ಸೆಮಿಸ್ಟರು ಭಾಷೆಯ ಜೊತೆ ಗುದ್ದಾಡುವುದರಲ್ಲಿಯೇ ಕಳೆಯಿತು.

ಇನ್ನು ಒಂದು ಎಚ್ಚರಿಕೆಯ ಮಾತು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. 1956ರ ಕಾಯಿದೆಯ ಪ್ರಕಾರ ಪದವಿ ಕೊಡುವ ಅಧಿಕಾರ ಇರುವುದು ವಿಶ್ವವಿದ್ಯಾಲಯಗಳಿಗೆ ಮತ್ತು ಕಾನೂನಿನಿಂದ ಆ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ. ವಿಶ್ವವಿದ್ಯಾಲಯವೇ ಆದರೂ ಆನ್‌ಲೈನ್ ಪದವಿಗೆ ಧನಸಹಾಯ ಆಯೋಗದ ಮಾನ್ಯತೆ ಬೇರೆಯಾಗಿ ಬೇಕು. ಅಂತಹ ಮಾನ್ಯತೆ ಇದ್ದಲ್ಲಿ ಪಡೆದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಆಯೋಗವು 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಮಾನ್ಯತೆ ಇಲ್ಲದ ವಿದೇಶೀ ವಿದ್ಯಾಸಂಸ್ಥೆಗಳ ಪದವಿಗಳನ್ನು ಕೆಲವು ಕಂಪನಿಗಳು ಜಾಹೀರಾತು ಮಾಡಿ ಮಾರುತ್ತಿವೆಯೆಂದು 2023ರ ಡಿಸೆಂಬರಿನಲ್ಲಿ ಅದೇ ಆಯೋಗವು ಜನರನ್ನು ಎಚ್ಚರಿಸಿತು. ಬೀದಿಯ ಅಧ್ಯಯನ ಕೇಂದ್ರಗಳಿಗೆ ಗುತ್ತಿಗೆ ಕೊಟ್ಟು ಪಾಠ ನಡೆಸುವುದಕ್ಕೂ ಅವಕಾಶವಿಲ್ಲ. ಯಾವ ವಿಶ್ವವಿದ್ಯಾಲಯಕ್ಕೆ, ಯಾವ ವಿಷಯಕ್ಕೆ, ಯಾವ ವರ್ಷಕ್ಕೆ ಮಾನ್ಯತೆ ಇದೆಯೆಂಬ ಪಟ್ಟಿಯನ್ನು ಆಯೋಗದ ದೂರಶಿಕ್ಷಣ ವಿಭಾಗವು ಪ್ರಕಟಿಸುತ್ತದೆ. ಇದರಲ್ಲಿ ವರ್ಷವನ್ನು ನೋಡುವುದು ಬಹು ಮುಖ್ಯ. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಕೆಲವು ವರ್ಷ ಮಾನ್ಯತೆ ಇಲ್ಲದೆ ಹೋಗಿ, ಮತ್ತೆ ದೊರೆತದ್ದು 2018-19ನೆಯ ಸಾಲಿಗೆ. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳ ಪಾಡನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಮೂರು ಜನರ ದುಡಿಮೆಯಿಂದ ಒಬ್ಬನನ್ನು ಓದಿಸುವ ನಮ್ಮಂಥ ಮನೆಗಳಲ್ಲಿ ಹಾಗೇನಾದರೂ ಆದರೆ ಎರಡನೆಯ ಸಲ ಫೀಜು ಕಟ್ಟುವವರು ಯಾರು?

ನನ್ನ ವಿಷಯವನ್ನೂ ಒಂದೆರಡು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಬಿ.ಎ. ಪರೀಕ್ಷೆಯಾದ ಮೇಲೆ ಎಂ.ಎ. ಓದಬೇಕೆಂದು ನನಗೆ ಆಸೆ. ತಂಗಿ ಮುಂದಿನ ವರ್ಷ ಕಾಲೇಜಿಗೆ ಸೇರಬೇಕು. ತಂದೆಯವರ ಮೊಣಕೈ ನೋವು ಈಚೆಗೆ ಹೆಚ್ಚಾಗಿದೆ. ಇಬ್ಬರೂ ಒಟ್ಟಿಗೆ ಓದುವಷ್ಟು ಅನುಕೂಲ ಮನೆಯಲ್ಲಿಲ್ಲ. ಊರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಕರೆದಿದ್ದಾರೆ, ಸೇರುವುದೆಂದು ನಿಶ್ಚಯಿಸಿದ್ದೇನೆ. ಓದು ನಿಂತುಹೋಯಿತೆಂದು ಅಮ್ಮ ಮರುಗುತ್ತಾಳೆ. ಎರಡು ಮೂರು ವರ್ಷ ಮಂಡಿಯಲ್ಲಿ ದುಡ್ಡು ಹೇಗೆ ತಿರುಗುತ್ತದೆಂಬುದನ್ನು ನೋಡು, ಆಮೇಲೆ ಸೇರುವೆಯಂತೆ ಎಂದು ಅಧಿಕಾರಿಗಳು ಹೇಳಿದ್ದಾರೆ. ತಮ್ಮ ಮೊದಲ ಸೆಮಿಸ್ಟರಿನ ಲೆಕ್ಕಶಾಸ್ತ್ರದ ಪುಸ್ತಕವನ್ನೂ ಕೊಟ್ಟಿದ್ದಾರೆ. ಅಂಚಿನ ತುಂಬ ಕಷ್ಟದ ಇಂಗ್ಲಿಷ್ ಪದಗಳಿಗೆ ಪೆನ್ಸಿಲಿನಿಂದ ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದಾರೆ. ನಾನೀಗ ಮೂರನೆಯ ಅಧ್ಯಾಯದಲ್ಲಿದ್ದೇನೆ.